ಆಲಮಟ್ಟಿಗೆ ಹೊರಡುವ ಮುಂಚೆ ಹೊರಹರಿವು ನೋಡಿ

ಜುಲೈ ಅರ್ಧ ಕಳೆಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಡ್ಯಾಮಿನ ಗೇಟ್ ಬಿಟ್ಟಾರಂತ, ಹೋಗೂಣೇನ್ರಿ?’ ಶನಿವಾರ ರಾತ್ರಿಯೇ ಕ್ರೂಸರ್ ಗಾಡಿ ಮಾತಾಡಿಯಾಗುತ್ತದೆ. ಭಾನುವಾರ ಬೆಳಕು ಹರಿಯುವಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬುತ್ತಿಗೆ ಸೇರಿರುತ್ತವೆ. ಇಷ್ಟೆಲ್ಲ ಮಾಡಿಕೊಂಡು ಹೋಗಿ ನೋಡಿದರೆ ಗೇಟುಗಳೆಲ್ಲ ಬಂದ್. ಮೊಬೈಲಿನಲ್ಲಿ ನೋಡಿದ್ದ ನೊರೆನೊರೆ ನೀರಿನ ಜಾಗದಲ್ಲಿ ಒಣಗಿದ ಕಾಂಕ್ರೀಟ್ ಇಳಿಜಾರು. ಆ ವಿಡಿಯೊ ಯಾವ ವರ್ಷದ್ದೋ, ಯಾರು ಕಳಿಸಿದ್ದೋ! ಉದ್ಯಾನದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ, ಕಲ್ಲಿನ ಆನೆಯ ಮುಂದೆ ಫೋಟೊ ತೆಗೆಸಿಕೊಂಡು, ‘ಏನೂ ಇರಲಿಲ್ಲ ಬಿಡು’ ಎನ್ನುತ್ತ ಮರಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಅವರು ಪತ್ರಿಕೆಯ ಒಂದು ಮೂಲೆ ನೋಡಿ ಹೊರಟಿದ್ದರೆ ಸಾಕಿತ್ತು. ಮಳೆಗಾಲದಲ್ಲಿ ದಿನಪತ್ರಿಕೆಗಳು ಜಲಾಶಯಗಳ ಮಟ್ಟದ ಪಟ್ಟಿ ಕೊಡುತ್ತವೆ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಆಲಮಟ್ಟಿಯ ಸಾಲಿನಲ್ಲಿ ನಮಗೆ ಬೇಕಾದದ್ದು ಕೊನೆಯ ಅಂಕಿ. ಹೊರಹರಿವು ಸುಮಾರು 42 ಸಾವಿರ ಕ್ಯೂಸೆಕ್ ದಾಟಿದ್ದರೆ ಗೇಟು ತೆರೆದಿರುವ ಸಂಭವ ಹೆಚ್ಚು. ಅದಕ್ಕಿಂತ ಕಡಿಮೆ ಇದ್ದರೆ ಆ ನೀರೆಲ್ಲ ವಿದ್ಯುದಾಗಾರದ ಟರ್ಬೈನುಗಳ ಮೂಲಕವೇ ಕೆಳಗಿಳಿಯುತ್ತಿದೆ ಎಂದು ಅರ್ಥ. ಕರ್ನಾಟಕ ವಿದ್ಯುತ್ ನಿಗಮದ ಈ ಆಗಾರದಲ್ಲಿ 55 ಮೆಗಾವಾಟಿನ ಐದು, 15 ಮೆಗಾವಾಟಿನ ಒಂದು, ಒಟ್ಟು 290 ಮೆಗಾವಾಟಿನ ಆರು ಘಟಕಗಳಿವೆ. ಆರೂ ಪೂರ್ತಿ ತಿರುಗಿದರೆ ಅವಕ್ಕೆ ಬೇಕಾಗುವ ನೀರು ಹೆಚ್ಚುಕಡಿಮೆ ಅಷ್ಟೇ. ಕರೆಂಟು ಕೊಡಬಲ್ಲ ನೀರನ್ನು ಗೇಟಿನಿಂದ ಸುಮ್ಮನೆ ಹೊರಬಿಡುವುದು ಯಾರಿಗೂ ಬೇಕಿಲ್ಲ. ಅದಕ್ಕೇ ಗೇಟು ಎತ್ತುವುದು ಟರ್ಬೈನಿನ ಹೊಟ್ಟೆ ತುಂಬಿದ ಮೇಲಿನ ಮಾತು.

ಈ ಲೆಕ್ಕ ಇನ್ನೊಂದಿಷ್ಟು ಮುಂದುವರಿಸಿದರೆ ಜಲಾಶಯದ ಗಾತ್ರವೂ ಅಂದಾಜಿಗೆ ಸಿಗುತ್ತದೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಹರಿದರೆ ಅದು ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ಕೂಡಿದರೆ ಒಂದು ಟಿಎಂಸಿ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದುಬಂದರೆ 8.64 ಟಿಎಂಸಿ ಆಗುತ್ತದೆ. 519.60 ಮೀಟರ್ ಮಟ್ಟದಲ್ಲಿ ಆಲಮಟ್ಟಿ ಹಿಡಿಯುವುದು 123.08 ಟಿಎಂಸಿ. ಹೊರಗೆ ಹನಿ ಬಿಡದೆ ಕೂತರೂ, ಲಕ್ಷ ಕ್ಯೂಸೆಕ್ ಒಳಹರಿವಿನಲ್ಲಿ ಪೂರ್ತಿ ಬರಿದಾದ ಜಲಾಶಯ ತುಂಬಲು ಹದಿನಾಲ್ಕು ದಿನ ಬೇಕು. 2019ರ ಆಗಸ್ಟಿನ ಮಹಾಪೂರದಲ್ಲಿ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. ಆ ವೇಗದಲ್ಲಿ ಜಲಾಶಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರು ಒಂದೇ ದಿನದಲ್ಲಿ ಅಣೆಕಟ್ಟು ದಾಟಿ ಹೋಗುತ್ತದೆ. ಅದನ್ನು ನೋಡಲು ಹೋಗಬಾರದು. ಅಂಥ ದಿನಗಳಲ್ಲಿ ನದಿದಂಡೆಯ ಊರುಗಳಿಗೆ ಮನೆ ಉಳಿದರೆ ಸಾಕಾಗಿರುತ್ತದೆ.

ಇನ್ನೊಂದು ಮಾತು. ನಮ್ಮೂರಲ್ಲಿ ಮಳೆಯಿಲ್ಲ, ಡ್ಯಾಮಿಗೆ ನೀರೆಲ್ಲಿಂದ ಬರಬೇಕು ಎಂದು ಮುಗಿಲು ನೋಡಿ ತೀರ್ಮಾನಿಸಬೇಡಿ. ಇಂಡಿಯ ನಿಂಬೆ ತೋಟಗಳಲ್ಲಿ ನೆಲ ಬಿರಿದಿರುವ ದಿನವೇ ಆಲಮಟ್ಟಿ ತುಂಬಿ ತುಳುಕುತ್ತಿರಬಹುದು. ಈ ಜಲಾಶಯಕ್ಕೆ ಮಳೆ ಸುರಿಯುವುದು ಮಹಾರಾಷ್ಟ್ರದ ಘಟ್ಟಗಳಲ್ಲಿ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಕೂಡಿಕೊಳ್ಳುತ್ತವೆ. ಚಿಕ್ಕಸಂಗಮದಲ್ಲಿ ಘಟಪ್ರಭೆಯೂ ಬಂದು ಸೇರುತ್ತದೆ. ಕೊಯ್ನಾ ಕಡೆ ಜೋರು ಮಳೆ ಎಂಬ ಸುದ್ದಿ ಬಂದರೆ ನಾಲ್ಕಾರು ದಿನ ತಡೆದು ಆಲಮಟ್ಟಿಯ ಒಳಹರಿವು ನೋಡಿ. ಜಲಾಶಯ ಪೂರ್ತಿ ತುಂಬುವವರೆಗೆ ಕಾಯಬೇಕೆಂದೂ ಇಲ್ಲ. ಮೇಲಿಂದ ಪ್ರವಾಹ ಬರುವ ಸೂಚನೆಯಿದ್ದಾಗ ಜುಲೈ, ಆಗಸ್ಟಿನಲ್ಲೇ ಮಟ್ಟವನ್ನು ಒಂದೆರಡು ಮೀಟರ್ ಕೆಳಗಿಟ್ಟುಕೊಂಡು ಗೇಟು ಬಿಡುತ್ತಾರೆ. ಹಿನ್ನೀರಿನಿಂದ ಸಾಂಗ್ಲಿ, ಕೊಲ್ಹಾಪುರಕ್ಕೆ ನೀರು ನುಗ್ಗುತ್ತದೆ ಎಂಬುದು ಮಹಾರಾಷ್ಟ್ರದ ಹಳೆಯ ತಕರಾರು. ಅದನ್ನು ಕರ್ನಾಟಕ ಒಪ್ಪಿಲ್ಲ. ಎರಡೂ ಸರ್ಕಾರಗಳ ಎಂಜಿನಿಯರುಗಳು ಮಳೆಗಾಲದುದ್ದಕ್ಕೂ ಫೋನು ಬಿಡದೆ ಮಾತಾಡುವುದಂತೂ ಇದ್ದೇ ಇದೆ.

ಗೇಟು ಬಿಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದೂವರೆ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಅಣೆಕಟ್ಟು, ನಡುವೆ 26 ಗೇಟು. ಒಂದು ಗೇಟನ್ನಾದರೂ ಗಮನವಿಟ್ಟು ನೋಡಿ. ಅದು ಬಾಗಿಲಿನ ಹಾಗೆ ಸಪಾಟಾಗಿಲ್ಲ. ನೀರಿನ ಕಡೆಗೆ ಉಬ್ಬಿದ ಕಮಾನಿನ ತುಂಡು. ಅದರ ಹಿಂದಿನಿಂದ ಹೊರಟ ಎರಡು ಉಕ್ಕಿನ ತೋಳುಗಳು ಅಕ್ಕಪಕ್ಕದ ಕಂಬಗಳಲ್ಲಿನ ಗೂಟಕ್ಕೆ ಸಿಕ್ಕಿಕೊಂಡಿವೆ. ಜಲಾಶಯದ ನೀರು ಎಷ್ಟೇ ತಳ್ಳಲಿ, ಬಾಗಿದ ಮೈಯ ಮೇಲೆ ಬಿದ್ದ ಆ ಒತ್ತಡವೆಲ್ಲ ತೋಳುಗಳಗುಂಟ ಗೂಟಕ್ಕೇ ಹೋಗುತ್ತದೆ. ಎತ್ತುವ ಯಂತ್ರ ಹೊರಬೇಕಾದದ್ದು ಹೆಚ್ಚಾಗಿ ಗೇಟಿನ ಸ್ವಂತ ತೂಕವನ್ನು. ಹಾಗಾಗಿ ಅಷ್ಟು ನೀರಿನೆದುರು ಅರ್ಧ ಮೀಟರ್, ಕಾಲು ಮೀಟರ್ ಲೆಕ್ಕದಲ್ಲಿ ಅದನ್ನು ಎತ್ತಿ ಇಳಿಸಬಹುದು. ನೀರು ಬರುವುದು ಗೇಟಿನ ಕೆಳಗಿನಿಂದ. ಮೊದಲು ಗಾಜಿನಂತೆ ನುಣ್ಣಗೆ ಬಾಗಿ, ಇಳಿಜಾರಿನ ಅರ್ಧದಲ್ಲಿ ಬೆಳ್ಳಗಾಗಿ, ಬುಡದಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಬೆಳಗಿನ ಬಿಸಿಲು ಬೆನ್ನಿಗಿರುವಂತೆ ನಿಂತರೆ ಆ ತುಂತುರಿನಲ್ಲಿ ಕಾಮನಬಿಲ್ಲು. ಊಟ ಮುಗಿಸಿಕೊಂಡು ನಿಧಾನಕ್ಕೆ ಹೊರಟವರಿಗೆ ಇದು ಸಿಗದು.

ಭದ್ರತೆಯ ಕಾರಣಕ್ಕೆ ಅಣೆಕಟ್ಟಿನ ಮೇಲೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಬಿಡಲಿಲ್ಲವೆಂದು ಕಾವಲಿನವರ ಜೊತೆ ವಾದಕ್ಕಿಳಿದು ಅರ್ಧ ದಿನ ಹಾಳು ಮಾಡಿಕೊಳ್ಳಬೇಡಿ, ಕೆಳಗಿನಿಂದ ಕಾಣುವ ನೋಟವೇ ಚಂದ. ಆದರೆ ಕೆಳಗೆಂದರೆ ನದಿಯ ಪಾತ್ರಕ್ಕೆ ಇಳಿಯುವುದಲ್ಲ. ಬಂಡೆ ಒಣಗಿದೆ, ನೀರು ಮೊಣಕಾಲಷ್ಟಿದೆ ಎಂದು ಇಳಿದವರ ಎದುರಿಗೇ ಹೊರಹರಿವು ಏರುವುದುಂಟು. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ.

ಉದ್ಯಾನಗಳ ವಿಷಯಕ್ಕೆ ಬಂದರೆ, ನನ್ನದು ಸ್ವಲ್ಪ ತಕರಾರಿನ ಅಭಿಪ್ರಾಯ. ರಾಕ್ ಗಾರ್ಡನ್, ಲವಕುಶ ಉದ್ಯಾನ, ಕೃಷ್ಣನ ಉದ್ಯಾನ, ಮೊಘಲ್ ಗಾರ್ಡನ್, ಇಟಾಲಿಯನ್ ಗಾರ್ಡನ್, ಸಂಗೀತ ಕಾರಂಜಿ ಹೀಗೆ ಇಲ್ಲಿ ಏನೆಲ್ಲ ಇವೆ. ಎಲ್ಲವನ್ನೂ ಮುಗಿಸಲೇಬೇಕು ಎಂದು ಓಡಾಡಿದವರಿಗೆ ಕಾಲುನೋವೇ ಲಾಭ. ಸಣ್ಣ ಮಕ್ಕಳಿದ್ದರೆ ರಾಕ್ ಗಾರ್ಡನ್‌ಗೆ ಬೇಕಾದಷ್ಟು ಹೊತ್ತು ಕೊಡಿ. ಗುಡ್ಡದ ಏರಿಳಿತವನ್ನು ಹಾಗೇ ಉಳಿಸಿಕೊಂಡು ಪ್ರಾಣಿ, ಪಕ್ಷಿಗಳ ಬೊಂಬೆಗಳನ್ನು ಹರಡಿರುವುದರಿಂದ ಅವು ಮಕ್ಕಳಿಗೆ ತಿರುವಿನಲ್ಲಿ ದಿಢೀರನೆ ಎದುರಾಗುತ್ತವೆ. ದೊಡ್ಡವರಷ್ಟೇ ಇದ್ದರೆ ಹಗಲಿನ ಬಿಸಿಲು ತಪ್ಪಿಸಿ, ಸಂಜೆ ಮೊಘಲ್ ಗಾರ್ಡನ್ನಿಗೆ ಹೋಗಿ ಕತ್ತಲಾದ ಮೇಲೆ ಕಾರಂಜಿ ನೋಡುವುದು ಒಳ್ಳೆಯದು. ಅದರ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಒಳಗೆ ಹೋಗುವಾಗಲೇ ಕೇಳಿಕೊಳ್ಳಿ. ನದಿಯಾಚೆಯ ಸೀತಿಮನಿಯಲ್ಲಿ ಸೀತೆ ಲವಕುಶರೊಂದಿಗೆ ಇದ್ದಳೆಂದು ಸುತ್ತಲಿನವರ ನಂಬಿಕೆ. ಉದ್ಯಾನಕ್ಕೆ ಲವಕುಶರ ಹೆಸರು ಎಲ್ಲಿಂದ ಬಂತೆಂದು ಬೇರೆ ಕೇಳಬೇಕಿಲ್ಲ.

ಆಲಮಟ್ಟಿ, ಸೀತಿಮನಿ ಎರಡೂ ರೈಲು ನಿಲ್ದಾಣಗಳು. ನಡುವೆ ಕೃಷ್ಣೆಯ ಸೇತುವೆ. ಹೋಟಗಿ–ಗದಗ ಮಾರ್ಗ ಬ್ರಿಟಿಷರ ಕಾಲದ್ದು, 1884ರ ಹೊತ್ತಿಗೆ ಮೀಟರ್ ಗೇಜಿನಲ್ಲಿ ಓಡಲು ತೊಡಗಿದ್ದು. ಇಂಡಿಯವರಿಗೆ ಇದರಲ್ಲೊಂದು ಅನುಕೂಲವಿದೆ. ಇಂಡಿ ರೋಡ್, ವಿಜಯಪುರ, ಬಸವನಬಾಗೇವಾಡಿ ರೋಡ್, ಆಲಮಟ್ಟಿ ಎಲ್ಲವೂ ಇದೇ ಹಳಿಯ ಮೇಲಿನ ನಿಲ್ದಾಣಗಳು. ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿ ಪಕ್ಕ ಕುಳಿತು ಬಂದರೆ ಒಣ ಬಯಲು, ಕೂಡಗಿಯ 2400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು, ಆಮೇಲೆ ನೀರು, ಹೀಗೆ ಒಂದಾದ ಮೇಲೊಂದು ಕಾಣುತ್ತವೆ. ಆ ಸ್ಥಾವರಕ್ಕೂ ನೀರು ಇದೇ ಜಲಾಶಯದ್ದು. ಸಾಧ್ಯವಾದರೆ ಆಲಮಟ್ಟಿಯಲ್ಲಿ ಇಳಿಯದೆ ಸೇತುವೆ ದಾಟಿ ಸೀತಿಮನಿಯವರೆಗೆ ಹೋಗಿ ಬನ್ನಿ. ನಡುಹೊಳೆಯ ನೋಟ ಕಾರಿನಲ್ಲಿ ಬಂದವರಿಗೆ ದಕ್ಕುವುದಿಲ್ಲ. ಸಿಂದಗಿಯವರು ಮಡಿವಾಳ ಮಾಚಿದೇವರ ಊರಾದ ದೇವರಹಿಪ್ಪರಗಿ, ಬಸವಣ್ಣನವರ ಬಾಗೇವಾಡಿ ಹಾಯ್ದು ನಿಡಗುಂದಿಗೆ ಬರುತ್ತಾರೆ. ಮುದ್ದೇಬಿಹಾಳದವರಿಗಂತೂ ಇದು ಪಕ್ಕದ ಮನೆ.

ಅಣೆಕಟ್ಟಿನ ಹೆಸರು ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ. ಶಾಸ್ತ್ರಿಯವರು ಇದರ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ. ಆಗ ಶಾಸ್ತ್ರಿಯವರು ಕೇಂದ್ರದಲ್ಲಿ ಖಾತೆಯಿಲ್ಲದ ಸಚಿವರು. ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್ ತಿಂಗಳಲ್ಲಿ ಶಾಸ್ತ್ರಿ ಪ್ರಧಾನಿಯಾದರು. ಅವರು ಅಡಿಗಲ್ಲಿಟ್ಟ ಅಣೆಕಟ್ಟು ಮಾತ್ರ ನಾಲ್ಕು ದಶಕ ಎಳೆಯಿತು. ಕೆಳಗಿನ ನಾರಾಯಣಪುರದ ಬಸವಸಾಗರ 1982ರಲ್ಲೇ ಸಿದ್ಧವಾದರೂ ಆಲಮಟ್ಟಿಗೆ ದುಡ್ಡಿನ ಕೊರತೆ, ನೀರಿನ ವ್ಯಾಜ್ಯ ಎರಡೂ ಕಾಡಿದವು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿ, ಬಾಂಡುಗಳ ಮೂಲಕ ಸಾಲ ಎತ್ತಿದ ಮೇಲೆ ಕೆಲಸ ಓಡಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ನಾಡಿಗೆ ಅರ್ಪಿಸಿದರು. ಅಡಿಗಲ್ಲಿನ ಸಮಾರಂಭಕ್ಕೆ ಅಪ್ಪನ ಹೆಗಲೇರಿ ಬಂದಿದ್ದ ಮಗು ಅಷ್ಟು ಹೊತ್ತಿಗೆ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಹತ್ತಿರ ಬಂದಿರಬೇಕು.

ವ್ಯಾಜ್ಯ ಇನ್ನೂ ಮುಗಿದಿಲ್ಲ. 519.60 ಮೀಟರಿಗಿಂತ ಮೇಲೆ ನೀರು ನಿಲ್ಲಿಸದಂತೆ 2000ದಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ 524.256 ಮೀಟರಿನವರೆಗೆ ಒಪ್ಪಿಗೆ ಕೊಟ್ಟಿತು. ಆದರೆ ಆ ತೀರ್ಪಿಗೆ ಗೆಜೆಟ್ ಅಧಿಸೂಚನೆಯ ತೊಡಕು ಅಡ್ಡ ನಿಂತಿತು. ನಡುವಿನ ಅಂತರ ಐದು ಮೀಟರೂ ಇಲ್ಲ, ಅಂಗಳದ ಬೇವಿನ ಮರಕ್ಕಿಂತ ಗಿಡ್ಡ. ಆದರೆ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ ನೀರಿನ ಬಳಕೆ ಆ ಐದು ಮೀಟರನ್ನೇ ನೆಚ್ಚಿಕೊಂಡಿದೆ. ಅದಕ್ಕಾಗಿ ಮುಳುಗಲಿರುವ ಊರು, ಹೊಲಗಳೂ ಅಲ್ಲೇ ಇವೆ.

ಮುಳುಗಡೆ ಎಂದಾಗ ಕೊಲ್ಹಾರಕ್ಕೆ ಹೋಗಬೇಕು. ವಿಜಯಪುರದಿಂದ ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಬಂದರೆ ಕೊರ್ತಿ–ಕೊಲ್ಹಾರದ ಉದ್ದನೆಯ ಸೇತುವೆ ಸಿಗುತ್ತದೆ. ಎರಡೂ ಕಡೆ ಕಣ್ಣು ಹಾಯುವವರೆಗೂ ಆಲಮಟ್ಟಿಯ ಹಿನ್ನೀರು. ಆಲಮಟ್ಟಿ ನೋಡಬೇಕಾದದ್ದು ಆಲಮಟ್ಟಿಯಲ್ಲಿ ಮಾತ್ರ ಎಂದುಕೊಂಡವರು ಇಲ್ಲಿ ಒಮ್ಮೆ ಗಾಡಿ ನಿಧಾನ ಮಾಡಬೇಕು. ಅಣೆಕಟ್ಟಿನ ಬಳಿ ಕಾಣದ ವಿಸ್ತಾರ ಇಲ್ಲಿ ಕಾಣುತ್ತದೆ. ಹಳೆ ಕೊಲ್ಹಾರ ಈ ನೀರಿಗೆ ಹೋಯಿತು, ಜನ ಎತ್ತರದಲ್ಲಿ ಹೊಸ ಊರು ಕಟ್ಟಿಕೊಂಡರು. ಆಚೆ ಬಾಗಲಕೋಟೆಯ ಹಳೆ ಪೇಟೆಯ ಒಂದು ಭಾಗಕ್ಕೂ ಇದೇ ಗತಿಯಾಗಿ ನವನಗರ ಎದ್ದಿತು. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಹಿನ್ನೀರಿನಂಚಿಗೆ ಗೋಡೆಗಳ ಬುಡ, ಗುಡಿಯ ಕಲ್ಲು, ಬಾವಿಯ ಕಟ್ಟೆ ಮೇಲೆ ಬರುತ್ತವೆ. ಮಣ್ಣು ಒಣಗುತ್ತಿದ್ದ ಹಾಗೇ ಅದೇ ಹೊಲದಲ್ಲಿ ಒಂದು ಬೆಳೆ ತೆಗೆಯುವವರೂ ಇದ್ದಾರೆ. ಪರಿಹಾರ ತಗೊಂಡ ಹೊಲ, ಆದರೂ ಕೈ ಬಿಡುವುದಿಲ್ಲ.

ಕೊಲ್ಹಾರ ನಾಡಿಗೆಲ್ಲ ಗೊತ್ತಿರುವುದು ಮೊಸರಿನಿಂದ. ಹೆದ್ದಾರಿ ಬದಿ ಸಾಲಾಗಿ ಜೋಡಿಸಿಟ್ಟ ಸಣ್ಣ ಸಣ್ಣ ಮಣ್ಣಿನ ಗಡಿಗೆಗಳು. ಕೊಳ್ಳುವ ಮುನ್ನ ಮಾರುವಾಕೆಯನ್ನು ಮಾತಿಗೆಳೆದರೆ ಆಕೆ ಗಡಿಗೆಯನ್ನು ಬೋರಲು ಹಾಕಿ ತೋರಿಸುತ್ತಾಳೆ. ‘ನೋಡ್ರಿ ಯಪ್ಪಾ, ಹನಿ ಬಿದ್ರ ರೊಕ್ಕ ಕೊಡಬ್ಯಾಡ್ರಿ.’ ಬೀಳುವುದಿಲ್ಲ. ಹಾಲು ದಪ್ಪವಾಗಿ ಕಾಯಿಸಿ ಹೆಪ್ಪು ಹಾಕಿದ್ದು ಅರ್ಧ ಕಾರಣ, ಗಡಿಗೆ ಇನ್ನರ್ಧ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳು ಮೊಸರಿನ ನೀರನ್ನು ಹೀರಿಕೊಂಡು ಹೊರಮೈಯಿಂದ ಆವಿಯಾಗಿಸುತ್ತವೆ, ಅದರಿಂದಲೇ ಗಡಿಗೆ ತಣ್ಣಗೂ ಇರುತ್ತದೆ. ಮೇಲಿನ ಕೆನೆ ತುಸು ಹಳದಿ, ಬೆರಳಿಟ್ಟರೆ ಗುಳಿ ಬೀಳುತ್ತದೆ. ಇದನ್ನು ಮನೆಗೊಯ್ದು ಫ್ರಿಜ್ಜಿನಲ್ಲಿಡುವುದು ಅನ್ಯಾಯ. ಅಲ್ಲೇ ಗಾಡಿಯ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿಯ ಮೇಲೆ ಈ ಮೊಸರು ಹಾಕಿಕೊಂಡು ತಿನ್ನಬೇಕು.

ಅಣೆಕಟ್ಟಿನಿಂದ ಕೆಳಕ್ಕೆ ಹೋಗುವ ದಾರಿಯಲ್ಲಿ ಯಲಗೂರಿನ ಹನುಮಪ್ಪನಿಗೆ ಕೈಮುಗಿದು ಮುಂದೆ ಹೋದರೆ ಕೂಡಲಸಂಗಮ. ಜಿಲ್ಲೆ ಬೇರೆ, ಬಾಗಲಕೋಟೆಯದು. ಆದರೆ ನೀರು ಅದೇ. ಆಲಮಟ್ಟಿಯ ಟರ್ಬೈನಿನಿಂದ ಹೊರಬಿದ್ದ ನೀರು ನೇರವಾಗಿ ಹೋಗಿ ನಿಲ್ಲುವುದು ನಾರಾಯಣಪುರದ ಹಿನ್ನೀರಿನಲ್ಲಿ, ಆ ಹಿನ್ನೀರಿನ ದಂಡೆಯಲ್ಲೇ ಸಂಗಮ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್, ನಾರಾಯಣಪುರದ್ದು 492.25. ನಡುವಿನ 27 ಮೀಟರ್ ಇಳಿತವೇ ಕರೆಂಟಾಗುವುದು. ಬೆಳಿಗ್ಗೆ ಅಣೆಕಟ್ಟು, ಮಧ್ಯಾಹ್ನ ಸಂಗಮ ಎಂದು ಹೊರಟವರು ಗೊತ್ತಿಲ್ಲದೆಯೇ ನೀರಿನ ಹಿಂದೆಯೇ ಹೋಗುತ್ತಿರುತ್ತಾರೆ.

ಕೃಷ್ಣೆ, ಮಲಪ್ರಭೆ ಕೂಡುವ ಈ ಜಾಗದಲ್ಲಿ ಸಂಗಮನಾಥನ ಗುಡಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬಸವಣ್ಣನವರ ಐಕ್ಯಮಂಟಪ. ನಾರಾಯಣಪುರ ಅಣೆಕಟ್ಟಿನಿಂದ ಅದು ಮುಳುಗಬೇಕಿತ್ತು. ಮಂಟಪವನ್ನು ಕಿತ್ತು ಬೇರೆಡೆ ಕಟ್ಟುವ ಬದಲು ಇದ್ದಲ್ಲೇ ಬಿಟ್ಟು ಸುತ್ತ ಬಾವಿಯಂಥ ಎತ್ತರದ ಗೋಡೆ ಎಬ್ಬಿಸಿದರು. ಈಗ ನೀರಿನ ಮೇಲಿನ ಸೇತುವೆಯಲ್ಲಿ ನಡೆದು ಹೋಗಿ, ಮೆಟ್ಟಿಲಿಳಿದು, ತಳದಲ್ಲಿರುವ ಲಿಂಗದ ಮುಂದೆ ನಿಲ್ಲಬೇಕು. ಹಿನ್ನೀರು ತುಂಬಿದ ದಿನ ಗೋಡೆಯಾಚೆಯ ನೀರಿನ ಮಟ್ಟ ನಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ಇಳಿದಂತೆ ಸೆಖೆ ಕಡಿಮೆಯಾಗಿ ತೇವದ ವಾಸನೆ ಬರುತ್ತದೆ. ಹೊರಗಿನ ಗಾಳಿಯ ಸದ್ದು ನಿಂತು ಮಾತು ಗೋಡೆಗೆ ಬಡಿದು ದೊಡ್ಡದಾಗಿ ಕೇಳುತ್ತದೆ. ಜಾತ್ರೆ, ರಜೆಯ ದಿನ ಬಿಟ್ಟು ಬೇರೆ ದಿನ ಹೋದರೆ ಸ್ವಲ್ಪ ಹೊತ್ತು ನಿಲ್ಲಲು ಜಾಗವಾದರೂ ಸಿಗುತ್ತದೆ.

ಹೆಚ್ಚಿನವರು ಇಲ್ಲಿಂದಲೇ ಮರಳುತ್ತಾರೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಅವರ ಪಟ್ಟಿಯಲ್ಲಿರುವುದಿಲ್ಲ. ಕೃಷ್ಣೆಯ ದಂಡೆಯ ಈ ಊರಲ್ಲಿ ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಕಲ್ಯಾಣದಿಂದ ಸಂಗಮಕ್ಕೆ ಹೊರಟ ನೀಲಾಂಬಿಕೆ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ಕೇಳಿ ಇಲ್ಲಿಯೇ ಐಕ್ಯಳಾದಳೆಂದು ಶರಣರ ಚರಿತ್ರೆ ಹೇಳುತ್ತದೆ. ಸಂಗಮದ ಗದ್ದಲ ಇಲ್ಲಿಲ್ಲ, ಅಂಗಡಿಗಳೂ ಅಷ್ಟಿಲ್ಲ. 1565ರಲ್ಲಿ ವಿಜಯನಗರ ಸೋತ ಕಾಳಗಕ್ಕೆ ರಕ್ಕಸಗಿ–ತಂಗಡಗಿ ಎಂದು ಹೆಸರಾದದ್ದೂ ಈ ಊರಿನಿಂದಲೇ. ಅದನ್ನು ಪಾಠಪುಸ್ತಕದಲ್ಲಿ ಓದುವ ಮಕ್ಕಳಿಗೆ ದಾರಿಬದಿಯ ಊರಿನ ಫಲಕ ತೋರಿಸಿ, ಸಾಕು.

ಮಳೆಗಾಲ ತಪ್ಪಿಹೋಯಿತೆಂದು ಬೇಸರಪಡಬೇಕಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ಹಿನ್ನೀರು ಹಿಂದೆ ಸರಿದು ಕೆಸರಿನ ಅಂಚು ಬಿಟ್ಟುಕೊಟ್ಟಾಗ ರಾಜಹಂಸಗಳು ಇಳಿಯುತ್ತವೆ, ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ. ಹೆರಕಲ್ ಕಡೆಯ ದಂಡೆ ಇದಕ್ಕೆ ಹೆಸರಾದದ್ದು. ದುರ್ಬೀನು ಒಯ್ಯಿರಿ, ಹತ್ತಿರ ಹೋಗಿ ಎಬ್ಬಿಸಬೇಡಿ. ಆಗ ಹೊರಹರಿವಿನ ಅಂಕಿ ನೋಡುವ ಗೊಡವೆಯೂ ಇಲ್ಲ.

ಆದರೆ ಆ ದಿನಗಳಲ್ಲಿ ಇನ್ನೊಂದು ಅಂಕಿಗೆ ಬೆಲೆ ಬರುತ್ತದೆ, ಜಲಾಶಯದಲ್ಲಿ ಉಳಿದ ನೀರು. ಆಲಮಟ್ಟಿಯಿಂದ ಮುಳವಾಡ, ಚಿಮ್ಮಲಗಿ ಏತ ನೀರಾವರಿಯ ಪಂಪುಗಳು ನೀರನ್ನು ಎತ್ತರದ ಹೊಲಗಳಿಗೆ, ಕೆರೆಗಳಿಗೆ ಏರಿಸುತ್ತವೆ. ಕೆಳಗಿಳಿದದ್ದು ನಾರಾಯಣಪುರದ ಎಡದಂಡೆ ಕಾಲುವೆ ಹಿಡಿದು, ಇಂಡಿ ಶಾಖಾ ಕಾಲುವೆ ಎಂಬ ಹೆಸರಿನಲ್ಲಿ ಸಿಂದಗಿಯ ಕಡೆಯಿಂದ ಇಂಡಿಯತ್ತ ಸಾಗುತ್ತದೆ. ಭೀಮೆ ಬತ್ತಿದ ವರ್ಷ ಆ ಕಡೆಯವರಿಗೆ ಈ ಕಾಲುವೆಯೇ ಗತಿ. ಸಿಂದಗಿ ಮಾರ್ಗವಾಗಿ ಮರಳುವವರು ಕಾಲುವೆಯ ಸೇತುವೆ ಸಿಕ್ಕಲ್ಲಿ ಒಂದು ಕ್ಷಣ ಇಣುಕಿ ನೋಡಬಹುದು. ನೀರು ಹರಿಯುತ್ತಿದ್ದರೆ ಪಕ್ಕದ ಹೊಲದವರು ಮಾತಿಗೆ ಸಿಗುವುದಿಲ್ಲ, ತಮ್ಮ ಪಾಳಿ ಮುಗಿಯುವಷ್ಟರಲ್ಲಿ ಮಡಿ ತುಂಬಿಸಿಕೊಳ್ಳುವ ಅವಸರದಲ್ಲಿರುತ್ತಾರೆ. ಬಂದ್ ಇದ್ದರೆ ತಾವೇ ಮಾತಾಡಿಸುತ್ತಾರೆ: ‘ಡ್ಯಾಂ ನೋಡಿ ಬಂದ್ರೇನ್ರಿ? ಎಷ್ಟೈತಿ ನೀರು?’ ಆಗ ಹೇಳಲು ಒಂದು ಅಂಕಿ ಗೊತ್ತಿರಲಿ.